ಓದುಗರು ಕೇಳಿದ್ದಾರೆ: ರಿಂಗಿನ ಮೂಲೆಯಲ್ಲಿ ನಿಂತ ಪುಟ್ಟ ಮೀಟ್

ಜಪಾನಿನ ಕುಸ್ತಿ ಮಾಂಗಾ (ಅಂದರೆ ಕಾಮಿಕ್ಸ್) ‘ಕಿನ್ನಿಕುಮನ್’ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ನಾಯಕನ ಕುರಿತಲ್ಲ, ಅವನ ಬೆನ್ನಿಗೆ ನಿಂತ ಮೀಟ್ ಎಂಬ ಹುಡುಗನ ಕುರಿತು. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅವನದೇ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗ ನೋಡುವ ಆನಿಮೆಯಲ್ಲಿ (ಜಪಾನಿ ಕಾರ್ಟೂನ್) ದೊಡ್ಡ ತಲೆಯ ಗಿಡ್ಡ ಹುಡುಗನೊಬ್ಬ ರಿಂಗಿನ ಪಕ್ಕ ನಿಂತು ಕೂಗುತ್ತಲೇ ಇರುತ್ತಾನೆ. ಯಾರವನು? ನಗಿಸುವುದಕ್ಕಷ್ಟೇ ಇರುವ ಪಾತ್ರವೇ? (ದಾವಣಗೆರೆ)

ಅವನ ಪೂರ್ತಿ ಹೆಸರು ಮೀಟ್ ಅಲೆಕ್ಸಾಂಡ್ರಿಯಾ. ‘ಕಿನ್ನಿಕುಮನ್’ 1979ರಲ್ಲಿ ವಾರಪತ್ರಿಕೆ ‘ಶೋನೆನ್ ಜಂಪ್’ನಲ್ಲಿ ಶುರುವಾಗಿ 1987ರವರೆಗೆ ಬಂತು, ಆ ಮೊದಲ ಓಟ 36 ಸಂಪುಟಗಳಲ್ಲಿದೆ. ಬರೆದವರು ‘ಯುದೆತಾಮಾಗೊ’, ಅಂದರೆ ಬೇಯಿಸಿದ ಮೊಟ್ಟೆ. ಅದು ಇಬ್ಬರು ಗೆಳೆಯರ ಜಂಟಿ ಹೆಸರು: ಕತೆ ಶಿಮಾದಾ ತಕಾಶಿಯವರದು, ಚಿತ್ರ ನಕಾಯಿ ಯೋಶಿನೋರಿಯವರದು. ಒಸಾಕಾದಲ್ಲಿ ಪ್ರಾಥಮಿಕ ಶಾಲೆಯಿಂದ ಜೊತೆಗಿದ್ದವರು, ಧಾರಾವಾಹಿ ಶುರುವಾದಾಗ ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ತೊಯೆಯಿ ಸಂಸ್ಥೆಯ ಮೊದಲ ಆನಿಮೆ 1983ರ ಏಪ್ರಿಲ್‌ನಿಂದ 1986ರ ಅಕ್ಟೋಬರ್‌ವರೆಗೆ 137 ಕಂತು ಓಡಿತು. ಮಗ ನೋಡುತ್ತಿರುವುದು 2024ರಲ್ಲಿ ಬಂದ ಹೊಸ ಸರಣಿ ಇರಬಹುದು. ಅದು 2011ರಲ್ಲಿ ಮತ್ತೆ ಶುರುವಾದ ಮಾಂಗಾದ ಕತೆ.

ಕತೆಯ ನಾಯಕ ಕಿನ್ನಿಕು ಸುಗುರು. ಕಿನ್ನಿಕು ಎಂಬ ಗ್ರಹದ ರಾಜಕುಮಾರ. ಕೂಸಾಗಿದ್ದಾಗ ಅಪ್ಪ ಅಮ್ಮ ಬಾಹ್ಯಾಕಾಶ ನೌಕೆಯಲ್ಲಿ ಹೋಗುತ್ತಾ ಹಂದಿಮರಿ ಎಂದು ತಪ್ಪು ತಿಳಿದು ಅವನನ್ನು ಆಚೆ ಎಸೆದುಬಿಡುತ್ತಾರೆ. ಜಪಾನಿನಲ್ಲಿ ಬಿದ್ದು, ಅಲ್ಲೇ ಬೆಳೆದು, ಪುಕ್ಕಲನೂ ಹೊಟ್ಟೆಬಾಕನೂ ಆಗುತ್ತಾನೆ. ಮೊದಲ ಕತೆಗಳಲ್ಲಿ ಅವನು ಬೆಳ್ಳುಳ್ಳಿ ತಿಂದರೆ ಬೆಟ್ಟದಷ್ಟು ಬೆಳೆಯುತ್ತಾನೆ, ಹೂಸು ಬಿಟ್ಟು ಹಾರುತ್ತಾನೆ. ಇಂಥವನನ್ನು ‘ನೀವೇ ನಮ್ಮ ಯುವರಾಜರು, ಬನ್ನಿ’ ಎಂದು ಕರೆದೊಯ್ಯಲು ತಾಯ್ನಾಡಿನಿಂದ ಬಂದವನೇ ಮೀಟ್. ಬಂದವನು ಇಲ್ಲೇ ಉಳಿದು, ಅವನ ಊಟ, ತಾಲೀಮು, ಪಂದ್ಯ, ಮರ್ಯಾದೆ ಎಲ್ಲವನ್ನೂ ನೋಡಿಕೊಳ್ಳುತ್ತಾನೆ.

ಇನ್ನು ನಗುವಿನ ಮಾತು. ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು: ಮೀಟ್ ನಗಿಸುತ್ತಾನೆ, ಆದರೆ ಅವನು ಕೋಡಂಗಿಯಲ್ಲ. ಒಸಾಕಾ ಎಂದರೆ ‘ಮಾಂಜಾಯ್’ ಎಂಬ ಜೋಡಿ ಹಾಸ್ಯದ ತವರು. ಅದರಲ್ಲಿ ಒಬ್ಬ ‘ಬೊಕೆ’, ಅಡ್ಡಾದಿಡ್ಡಿ ಮಾತಾಡುವವನು. ಇನ್ನೊಬ್ಬ ‘ತ್ಸುಕ್ಕೋಮಿ’, ಅವನನ್ನು ತಡೆದು ತಿದ್ದುವವನು. ನಗು ಹುಟ್ಟುವುದು ತಿದ್ದಿದಾಗಲೇ. ಸುಗುರು ಬೊಕೆ, ಮೀಟ್ ತ್ಸುಕ್ಕೋಮಿ. ಎತ್ತರದ ಪೈಲ್ವಾನ ಮಗುವಿನಂತೆ ಅಳುತ್ತಾನೆ, ಮಗುವಿನಷ್ಟಿರುವವನು ವಸ್ತಾದನಂತೆ ಗದರುತ್ತಾನೆ. ಮೀಟ್ ಒಂದು ಸಲವೂ ‘ಇದು ತಮಾಷೆ’ ಎಂಬ ಮುಖ ಮಾಡುವುದಿಲ್ಲ. ಅವನಿಗೆ ಯುವರಾಜರ ಸೋಲು ನಿಜವಾಗಿಯೂ ಸಂಕಟ. ಆ ಶ್ರದ್ಧೆಯನ್ನು ತೆಗೆದರೆ ಪಾತ್ರ ಸತ್ತೇಹೋಗುತ್ತದೆ.

ಪ್ರಶ್ನೆ: ಮೀಟ್‌ನನ್ನು ‘ಸೆಕೆಂಡ್’ ಎನ್ನುತ್ತಾರಲ್ಲ, ನಿಜವಾದ ಜಪಾನಿ ಕುಸ್ತಿಯಲ್ಲೂ ಆ ಕೆಲಸ ಇದೆಯೇ? (ಧಾರವಾಡ)

ಇದೆ. ಬಾಕ್ಸಿಂಗ್‌ನಿಂದ ಬಂದ ಪದ. ಜಪಾನಿನ ವೃತ್ತಿ ಕುಸ್ತಿಯಲ್ಲಿ ಸೆಕೆಂಡ್ ಆಗಿ ನಿಲ್ಲುವವರು ಬಹುತೇಕ ಹೊಸದಾಗಿ ಸೇರಿದ ಹುಡುಗರು. ಟ್ರ್ಯಾಕ್‌ಸೂಟ್ ಹಾಕಿಕೊಂಡು ರಿಂಗಿನ ನಾಲ್ಕೂ ಕಡೆ ನಿಂತಿರುತ್ತಾರೆ. ಹಿರಿಯರು ಬಂದಾಗ ಹಗ್ಗ ಅಗಲಿಸಿ ದಾರಿ ಮಾಡುವುದು, ಮೇಲಂಗಿ ಇಸಿದುಕೊಂಡು ಮಡಚುವುದು, ಪ್ರೇಕ್ಷಕರು ಎಸೆದ ಬಣ್ಣದ ಕಾಗದದ ಸುರುಳಿಗಳನ್ನು ಗಂಟೆ ಹೊಡೆಯುವ ಮುನ್ನ ಬಾಚಿ ತೆಗೆಯುವುದು, ಹೊಡೆದಾಟ ರಿಂಗ್ ಬಿಟ್ಟು ಕುರ್ಚಿಗಳತ್ತ ನುಗ್ಗಿದರೆ ಜನರನ್ನು ಹಿಂದೆ ಸರಿಸುವುದು, ಪಂದ್ಯ ಮುಗಿದ ಮೇಲೆ ಕುತ್ತಿಗೆಗೆ ಮಂಜುಗಡ್ಡೆ ಹಿಡಿದು ಒಳಗೆ ಕರೆದೊಯ್ಯುವುದು. ಕಾಗದದ ಸುರುಳಿ ಸಣ್ಣ ವಿಷಯವಲ್ಲ: ಒಂದು ಎಳೆ ಕಾಲಿಗೆ ಸುತ್ತಿಕೊಂಡರೂ ಜಿಗಿಯುವಾಗ ಮಂಡಿ ತಿರುಚುತ್ತದೆ.

ಮೀಟ್ ಇದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತಾನೆ: ವಿವರಣೆ. ಕುಸ್ತಿಯ ಪಟ್ಟು ಅಚ್ಚಿನ ಪುಟದಲ್ಲಿ ಅಲ್ಲಾಡುವುದಿಲ್ಲ. ಎರಡು ದೇಹ ಹೆಣೆದುಕೊಂಡಾಗ ಯಾವ ಕೈ ಯಾರದು ಎಂದೇ ಗೊತ್ತಾಗುವುದಿಲ್ಲ. ಆಗ ಮೂಲೆಯಲ್ಲಿ ನಿಂತವನೊಬ್ಬ ‘ಸೊಂಟ ಕಟ್ಟಿದ್ದಾನೆ, ಕತ್ತು ಬಿಡಿಸಿಕೊಳ್ಳಿ’ ಎಂದರೆ ಓದುಗನಿಗೆ ಕಣ್ಣು ಬರುತ್ತದೆ. ಬಯಲಾಟದ ಸಾರಥಿ ವೇಷಧಾರಿಯನ್ನು ‘ತಾವು ಯಾರು, ಎತ್ತಣಿಂದ ಬಂದಿರಿ’ ಎಂದು ಮಾತಿಗೆಳೆಯುವುದನ್ನು ನೋಡಿದವರಿಗೆ ಈ ಉಪಾಯ ಹೊಸದೆನಿಸುವುದಿಲ್ಲ. ಎರಡಕ್ಕೂ ನೆಂಟಸ್ತನವಿಲ್ಲ, ಅಗತ್ಯ ಮಾತ್ರ ಒಂದೇ.

ಪ್ರಶ್ನೆ: ಪಾತ್ರಗಳ ಬಲವನ್ನು ಲಕ್ಷ, ಕೋಟಿಗಳಲ್ಲಿ ಹೇಳುತ್ತಾರೆ. ಮೀಟ್‌ನದು ಎಷ್ಟು? ಈ ಲೆಕ್ಕಕ್ಕೆ ಅರ್ಥವಿದೆಯೇ? (ಶಿವಮೊಗ್ಗ)

ಇದಕ್ಕೆ ‘ಚೋಜಿನ್ ಬಲ’ ಎನ್ನೋಣ. ಚೋಜಿನ್ ಎಂದರೆ ಅತಿಮಾನುಷ. ಜಪಾನಿಯರು ಹತ್ತು ಸಾವಿರವನ್ನು ಒಂದು ಮಾನವಾಗಿ ಎಣಿಸುತ್ತಾರೆ, ಹಾಗಾಗಿ ನಮ್ಮ ಲಕ್ಷಕ್ಕೆ ತಿರುಗಿಸುವುದು ಸುಲಭ. ಮೀಟ್ 5 ಲಕ್ಷ. ಸುಗುರು 9.5 ಲಕ್ಷ, ಅವನ ಗೆಳೆಯ ಟೆರ್ರಿಮನ್ ಕೂಡ ಅಷ್ಟೇ. ಉಳಿದ ಪೈಲ್ವಾನರಲ್ಲಿ ರಾಬಿನ್ ಮಾಸ್ಕ್ 9.6, ರಾಮೆನ್‌ಮನ್ 9.7, ವಾರ್ಸ್‌ಮನ್ 10 ಲಕ್ಷ. ಇವರೆಲ್ಲ ಅಕ್ಕಪಕ್ಕದಲ್ಲೇ ಇದ್ದಾಗ ಬಫಲೋಮನ್ ಎಂಬವನು 1 ಕೋಟಿಯೊಂದಿಗೆ ಬರುತ್ತಾನೆ. ಓದುಗರ ಎದೆ ಧಸಕ್ಕೆನ್ನಲಿ ಎಂದೇ ಆ ಅಂಕಿ.

ಆ ಬಫಲೋಮನ್ ಎದುರು ವಾರ್ಸ್‌ಮನ್ ಹಾಕಿದ ಲೆಕ್ಕ ಜಪಾನಿನಲ್ಲಿ ಇಂದಿಗೂ ಜನಜನಿತ. ಉಗುರುಗಳುಳ್ಳ ಕೈಗವಸು ‘ಬೇರ್ ಕ್ಲಾ’ ಒಂದಕ್ಕೆ 10 ಲಕ್ಷ. ಎರಡು ಕೈಗೂ ತೊಟ್ಟರೆ 20 ಲಕ್ಷ. ಎರಡು ಪಟ್ಟು ಎತ್ತರ ಜಿಗಿದರೆ 40 ಲಕ್ಷ. ಮೂರು ಪಟ್ಟು ವೇಗವಾಗಿ ಗಿರಗಿರನೆ ತಿರುಗಿದರೆ 1 ಕೋಟಿ 20 ಲಕ್ಷ. ಬಫಲೋಮನ್‌ಗಿಂತ 20 ಲಕ್ಷ ಹೆಚ್ಚು! ಪರೀಕ್ಷಿಸಿ ನೋಡಿದರೆ ಎತ್ತರದ ಹೆಜ್ಜೆ ಸರಿಯೇ ಇದೆ: ಎರಡು ಪಟ್ಟು ಎತ್ತರದಿಂದ ಬಿದ್ದರೆ ಬೀಳುವ ಶಕ್ತಿ ಎರಡು ಪಟ್ಟೇ. ಮೊದಲ ಹೆಜ್ಜೆ ತಪ್ಪು, ಏಕೆಂದರೆ ಕೈಗವಸು ಎರಡಾದರೂ ದೇಹ ಒಂದೇ. ಕೊನೆಯದೂ ತಪ್ಪು: ತಿರುಗುವ ಶಕ್ತಿ ವೇಗದ ವರ್ಗದಂತೆ ಏರುತ್ತದೆ, ಮೂರು ಪಟ್ಟು ವೇಗಕ್ಕೆ ಒಂಬತ್ತು ಪಟ್ಟು, ಆದರೆ ಅದು ಮುನ್ನುಗ್ಗುವ ಏಟಿಗೆ ಹಾಗೇ ಸೇರಿಕೊಳ್ಳುವುದಿಲ್ಲ. ಕತೆಯಲ್ಲೂ ಆ ಏಟಿಗೆ ಬಫಲೋಮನ್‌ನ ಒಂದು ಕೊಂಬು ಮುರಿಯುತ್ತದೆ, ಪಂದ್ಯ ಮಾತ್ರ ವಾರ್ಸ್‌ಮನ್ ಸೋಲುತ್ತಾನೆ. ಲೆಕ್ಕ ಕೈಕೊಟ್ಟರೂ ಆ ಮುರಿದ ಕೊಂಬು ಓದುಗನ ಮನಸ್ಸಿನಲ್ಲಿ ಉಳಿಯುತ್ತದೆ. ಬಲದ ಅಂಕಿಗಳನ್ನು ಹೀಗೇ ಓದಬೇಕು.

ಪ್ರಶ್ನೆ: ಮಕ್ಕಳ ಕತೆಯಲ್ಲಿ ಮೀಟ್‌ನ ದೇಹವನ್ನು ತುಂಡು ಮಾಡುತ್ತಾರೆಂದು ಕೇಳಿ ಬೇಸರವಾಯಿತು. ಹಾಸ್ಯಪಾತ್ರಕ್ಕೆ ಇಂಥ ಗತಿ ಯಾಕೆ? (ಹಾಸನ)

ನೀವು ಹೇಳುತ್ತಿರುವುದು ‘ಏಳು ರಾಕ್ಷಸ ಚೋಜಿನ್‌ಗಳ’ ಭಾಗ. ಬಫಲೋಮನ್ ತಂಡ ಮೀಟ್‌ನ ದೇಹವನ್ನು ಏಳು ಭಾಗ ಮಾಡಿ, ಏಳು ಜನರೂ ಒಂದೊಂದನ್ನು ಇಟ್ಟುಕೊಳ್ಳುತ್ತಾರೆ. ಒಬ್ಬೊಬ್ಬನನ್ನು ಸೋಲಿಸಿ ಒಂದೊಂದು ಭಾಗ ಗೆದ್ದು ತರಬೇಕು. ರಕ್ತಸಿಕ್ತ ದೃಶ್ಯ ಎಂದುಕೊಳ್ಳಬೇಡಿ. ಗೊಂಬೆಯ ಕೈಕಾಲು ಕಳಚಿದಂತೆ ಚಿತ್ರಿಸಿದ್ದಾರೆ, ಭಾಗಗಳು ಸೇರಿದರೆ ಮೀಟ್ ಮತ್ತೆ ಎದ್ದು ಕೂರುತ್ತಾನೆ.

ಯಾಕೆ ಎಂಬುದಕ್ಕೆ ಕತೆಯ ಬೆಳವಣಿಗೆ ನೋಡಬೇಕು. ಶೋನೆನ್ ಜಂಪ್‌ನಲ್ಲಿ ಓದುಗರು ಕಾರ್ಡಿನಲ್ಲಿ ಬರೆದು ಕಳಿಸುವ ಮೆಚ್ಚುಗೆಯೇ ಧಾರಾವಾಹಿಯ ಆಯಸ್ಸನ್ನು ತೀರ್ಮಾನಿಸುತ್ತಿತ್ತು. ‘ಕಿನ್ನಿಕುಮನ್’ ಶುರುವಾಗಿದ್ದು ಅಪ್ಪಟ ತಮಾಷೆಯಾಗಿ. ಕತೆಯೊಳಗಿನ ಕುಸ್ತಿ ಸ್ಪರ್ಧೆಯಾದ 20ನೇ ಚೋಜಿನ್ ಒಲಿಂಪಿಕ್ಸ್ ಬಂದಾಗ ಅದು ಕುಸ್ತಿಯ ಕತೆಯಾಯಿತು, ಸುಗುರು ರಾಬಿನ್ ಮಾಸ್ಕ್‌ನನ್ನು ಸೋಲಿಸಿ ಗೆದ್ದ. ಅಮೆರಿಕ ಪ್ರವಾಸ, 21ನೇ ಒಲಿಂಪಿಕ್ಸ್ ಮುಗಿಯುವ ಹೊತ್ತಿಗೆ ನಾಯಕ ಗಂಭೀರನಾಗಿದ್ದ. ಅವನು ಪೆದ್ದನಾಗಿ ಉಳಿಯದಿದ್ದರೆ ತಿದ್ದುವವನಿಗೆ ಏನು ಕೆಲಸ? ಹೆಚ್ಚಿನ ಕತೆಗಳಲ್ಲಿ ಇಂಥ ಪಾತ್ರ ಇಲ್ಲಿಗೆ ಮರೆಯಾಗುತ್ತದೆ. ಇಲ್ಲಿ ಆದದ್ದು ಅದರ ತಿರುವುಮುರುವು: ನೂರು ಪುಟ ನಗಿಸಿದವನನ್ನೇ ಪಣಕ್ಕಿಟ್ಟರೆ ಓದುಗ ಪುಟ ಬಿಡಲಾರ. ಮೂಲೆಯಲ್ಲಿ ಕೂಗುವ ದನಿ ಇಲ್ಲವಾದಾಗಲೇ ಆ ದನಿ ಎಷ್ಟು ಬೇಕಿತ್ತೆಂದು ಗೊತ್ತಾಗುವುದು. ಏಳು ಎದುರಾಳಿಗಳಿಗೆ ಸುಗುರು ಒಬ್ಬನೇ ಸಾಲುವುದಿಲ್ಲ, ಗೆಳೆಯರು ಒಬ್ಬೊಬ್ಬರಾಗಿ ಬಂದು ಹೆಗಲು ಕೊಡುತ್ತಾರೆ. ರಾಬಿನ್ ಮಾಸ್ಕ್ ಸೋಲುತ್ತಾನೆ, ವುಲ್ಫ್‌ಮನ್ ಸೋಲುತ್ತಾನೆ, ಟೆರ್ರಿಮನ್ ಗೆಲ್ಲುತ್ತಾನೆ. ಇಡೀ ಸರಣಿಯ ಜೀವಾಳವಾದ ಗೆಳೆತನ ಇಲ್ಲಿ ಗಟ್ಟಿಯಾಗುತ್ತದೆ, ಅದೂ ಪೈಲ್ವಾನನೇ ಅಲ್ಲದ ಹುಡುಗನೊಬ್ಬನ ಕಾರಣಕ್ಕೆ.

ಪ್ರಶ್ನೆ: ಮೀಟ್ ಒಮ್ಮೆ ದೊಡ್ಡ ಎದುರಾಳಿಯನ್ನು ಬ್ಯಾಕ್‌ಡ್ರಾಪ್‌ನಲ್ಲಿ ಸೋಲಿಸುತ್ತಾನಂತೆ. ಅಷ್ಟು ಗಿಡ್ಡನಿಗೆ ಸಾಧ್ಯವೇ? ಪಟ್ಟನ್ನು ಬಿಡಿಸಿ ಹೇಳಿ. (ಬೆಳಗಾವಿ, ಗರಡಿಯ ಹುಡುಗರು)

ಆ ಪಂದ್ಯ ಕಿನ್ನಿಕು ಗ್ರಹದ ಸಿಂಹಾಸನಕ್ಕಾಗಿ ನಡೆಯುವ ಕೊನೆಯ ದೊಡ್ಡ ಭಾಗದಲ್ಲಿದೆ. ಎದುರಾಳಿ ಮಿಕ್ಸರ್ ಯಂತ್ರದ ದೇಹದ ‘ಮಿಕ್ಸರ್ ಚಕ್ರವರ್ತಿ’. ಸುಗುರು ಮುಂದುವರಿಯಲಾಗದ ಸ್ಥಿತಿಯಲ್ಲಿ ಮೀಟ್ ತಾನೇ ರಿಂಗ್ ಹತ್ತಿ ಗೆಲ್ಲುತ್ತಾನೆ. ಅಷ್ಟು ವರ್ಷ ಹೊರಗೆ ನಿಂತು ನೋಡಿದ್ದನ್ನೆಲ್ಲ ಅವನು ಒಂದೇ ಪಟ್ಟಿನಲ್ಲಿ ತೋರಿಸಿದ ಹಾಗಿದೆ.

ಬ್ಯಾಕ್‌ಡ್ರಾಪ್ ಜಪಾನಿಗೆ ಅಮೆರಿಕದ ಕುಸ್ತಿಪಟು ಲೂ ಥೆಸ್ ಅವರಿಂದ ಪ್ರಸಿದ್ಧವಾಯಿತು. 1957ರಲ್ಲಿ ಅವರು ಜಪಾನಿನ ಹೆಸರಾಂತ ಕುಸ್ತಿಪಟು ರಿಕಿದೋಜಾನ್ ಜೊತೆ ಅಲ್ಲಿ ಸೆಣಸಿದ್ದರು. ಮುಂದೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಗ್ರೀಕೋ-ರೋಮನ್ ಕುಸ್ತಿ ಆಡಿದ್ದ ಜಂಬೋ ತ್ಸುರುತಾ ಅದನ್ನು ತಮ್ಮದೇ ಮಾಡಿಕೊಂಡರು. ಮಾಡುವ ಬಗೆ ಹೀಗೆ. ಎದುರಾಳಿಯ ಬೆನ್ನ ಹಿಂದೆ, ತುಸು ಪಕ್ಕಕ್ಕೆ ನಿಲ್ಲಬೇಕು. ತಲೆಯನ್ನು ಅವನ ಕಂಕುಳ ಕೆಳಗೆ ತೂರಿಸಿ, ಎರಡು ಕೈಯಿಂದ ಸೊಂಟ ಕಟ್ಟಬೇಕು. ಕೆಲವರು ಒಂದು ಕೈಯನ್ನು ತೊಡೆಯ ಅಡಿಗೆ ಹಾಕುತ್ತಾರೆ. ಮಂಡಿ ಬಗ್ಗಿಸಿ, ನಿಮ್ಮ ಸೊಂಟ ಅವನ ಸೊಂಟಕ್ಕಿಂತ ಕೆಳಗೆ ಬರುವಷ್ಟು ಕೂರಬೇಕು. ಅಲ್ಲಿಂದ ಕಾಲಿನ ಬಲದಲ್ಲಿ ಎದ್ದು, ಹೊಟ್ಟೆಯನ್ನು ಮುಂದಕ್ಕೆ ನೂಕಿ, ಬಿಲ್ಲಿನಂತೆ ಹಿಂದಕ್ಕೆ ಬಾಗಬೇಕು. ಎದುರಾಳಿ ಗದ್ದವನ್ನು ಎದೆಗೆ ಒತ್ತಿಕೊಂಡು ಬೆನ್ನ ಮೇಲ್ಭಾಗದ ಮೇಲೆ ಬೀಳುತ್ತಾನೆ.

ಗಿಡ್ಡಗಿದ್ದವನಿಗೆ ಇಲ್ಲಿ ಒಂದು ಲಾಭ ನಿಜಕ್ಕೂ ಇದೆ: ಸೊಂಟದ ಕೆಳಗೆ ಹೋಗಲು ಅವನು ಹೆಚ್ಚು ಕೂರಬೇಕಿಲ್ಲ. ನಷ್ಟವೂ ಇದೆ, ಕೈ ಗಿಡ್ಡವಾದರೆ ಬೆರಳು ಒಂದಕ್ಕೊಂದು ಎಟುಕುವುದಿಲ್ಲ. ಮೀಟ್‌ನ ಚಿತ್ರದಲ್ಲಿ ಇದು ಕಲ್ಪನೆಯ ಪಾಲು.

ತಪ್ಪಾಗುವುದು ಮೂರು ಕಡೆ. ಕೂರದೆ ಕೈಯಿಂದ ಎಳೆದರೆ ಭಾರ ಪೂರ್ತಿ ಎತ್ತುವವನ ಸೊಂಟದ ಮೇಲೆ ಬೀಳುತ್ತದೆ. ಬಾಗದೆ ಪಕ್ಕಕ್ಕೆ ವಾಲಿದರೆ ಎದುರಾಳಿಯ ಭುಜ ಮೊದಲು ತಗುಲುತ್ತದೆ. ಬೀಳುವವನ ಗದ್ದ ಎತ್ತಿದ್ದರೆ ಹೆಡತಲೆಯೇ ನೆಲಕ್ಕೆ ಬಡಿಯುತ್ತದೆ. ಇದು ಎಲ್ಲಕ್ಕಿಂತ ಘೋರ. ಜಪಾನಿನ ಅತಿ ಅನುಭವಿ ಕುಸ್ತಿಪಟುಗಳಲ್ಲಿ ಒಬ್ಬರಾದ ಮಿಸಾವಾ ಮಿತ್ಸುಹಾರು 2009ರ ಜೂನ್ 13ರಂದು ಹಿರೋಶಿಮಾದಲ್ಲಿ ಬ್ಯಾಕ್‌ಡ್ರಾಪ್ ಬಿದ್ದ ಮೇಲೆ ಏಳಲೇ ಇಲ್ಲ, ಅದೇ ರಾತ್ರಿ ತೀರಿಕೊಂಡರು. ಗರಡಿಯ ಮಣ್ಣು ಮೆತ್ತಗಿದೆ ಎಂದು ಯಾರೂ ಇದನ್ನು ಪ್ರಯತ್ನಿಸಬಾರದು. ನಮ್ಮ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಸಾಕು, ತಲೆಕೆಳಗಾಗಿ ಎಸೆಯುವ ಅಗತ್ಯವೇ ಇಲ್ಲ.

ಪ್ರಶ್ನೆ: ಈ ಮಾಂಗಾದಲ್ಲಿ ಭಾರತದ ಪಾತ್ರ ಇದೆಯೇ? ಅದೂ ಹಾಸ್ಯಕ್ಕೇ ಇಟ್ಟಿದ್ದೇ? (ಪುಣೆ)

ಇದೆ. ಹೆಸರು ಕರಿ ಕುಕ್. ತಲೆಯ ಮೇಲೆ ಒಂದು ತಟ್ಟೆ ಅನ್ನ ಮತ್ತು ‘ಕರಿ’ ಎಂಬ ಮಸಾಲೆ ಸಾರು! ರೂಪ ನೋಡಿದರೆ ನಗು ಬರುತ್ತದೆ, ಆಟ ನೋಡಿದರೆ ಬರುವುದಿಲ್ಲ: ಎದುರಾಳಿಯ ಗಾಯಕ್ಕೆ ಖಾರದ ಕರಿ ಉಜ್ಜುವ ಕ್ರೂರಿ. ಆ ಕಾಲದ ಜಪಾನಿ ರಿಂಗಿನಲ್ಲಿ ಭಾರತೀಯ ಎಂದರೆ ಟೈಗರ್ ಜೀತ್ ಸಿಂಗ್. ಪಂಜಾಬಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಅವರು 1973ರಿಂದ ಅಲ್ಲಿ ಪೇಟ ಸುತ್ತಿ ಖಡ್ಗ ಹಿಡಿದು ಖಳನಾಗಿ ಮೆರೆದಿದ್ದರು. ಖಳ ಭಾರತೀಯನ ಚಿತ್ರ ಜನರ ಕಣ್ಣಲ್ಲಿ ಮೊದಲೇ ಇತ್ತು.

ತಟ್ಟೆಯಲ್ಲಿರುವ ಕರಿ ಮಾತ್ರ ನಮ್ಮದಲ್ಲ. ಹಿಟ್ಟು ಹುರಿದು ಗಟ್ಟಿ ಮಾಡಿದ ಈ ಕರಿ ಮೇಯ್‌ಜಿ ಚಕ್ರವರ್ತಿಯ ಕಾಲದಲ್ಲಿ (1868–1912) ಇಂಗ್ಲೆಂಡಿನ ಮೂಲಕ ಜಪಾನಿಗೆ ಹೋಗಿದ್ದು. ಭಾರತದ ಕೈ ನೇರವಾಗಿ ತಗುಲಿದ್ದು ಟೋಕಿಯೊದ ಶಿಂಜುಕುವಿನಲ್ಲಿ: ಆಶ್ರಯ ಪಡೆದಿದ್ದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ಅವರಿಂದ ಕಲಿತು ನಕಾಮುರಾಯಾ ಅಂಗಡಿ 1927ರಲ್ಲಿ ಭಾರತೀಯ ಕರಿ ಬಡಿಸಲು ಶುರುಮಾಡಿತು. ಒಂದು ದೇಶದ ಮನುಷ್ಯನನ್ನು ಅವನ ಊಟಕ್ಕೆ ಇಳಿಸಿಬಿಡುವುದು ನಮಗೆ ಹಿಡಿಸುವುದಿಲ್ಲ. ಆದರೂ ರಾಮೆನ್‌ಮನ್‌ನಿಂದ ಹಿಡಿದು ಸುಗುರುವಿನ ತನಕ ಇಲ್ಲಿ ಹಲವರ ಹೆಸರು ತಿಂಡಿ, ಮಾಂಸ, ಸಾಮಾನುಗಳದ್ದೇ ಎಂಬುದನ್ನು ಮರೆಯಬಾರದು.

ಪ್ರಶ್ನೆ: ಗೆಳತಿಯರು ಸೇರಿ ಕೆಲವು ಪುಟಗಳನ್ನು ಓದುವ ಸಂತೋಷಕ್ಕೆ ಕನ್ನಡಕ್ಕೆ ತರುತ್ತಿದ್ದೇವೆ. ಮೀಟ್‌ನ ಮಾತು ಹೇಗಿರಬೇಕು? ಹೆಸರುಗಳನ್ನು ಅನುವಾದಿಸಬೇಕೇ? (ಮೈಸೂರು)

ಹೆಸರು ಬಿಡಿ, ಹಾಗೇ ಇರಲಿ. ಆದರೆ ಮೊದಲ ಪುಟದಲ್ಲೇ ಒಂದು ಸಾಲು ಸೇರಿಸಿ. ಜಪಾನಿಯಲ್ಲಿ ‘ಕಿನ್ನಿಕು’ ಎಂದರೆ ಸ್ನಾಯು. ಅದರ ಕೊನೆಯ ಅಕ್ಷರ ‘ನಿಕು’ ಎಂದರೆ ಮಾಂಸ, ಅದನ್ನೇ ಸುಗುರು ಹಣೆಯ ಮೇಲೆ ಧರಿಸಿದ್ದಾನೆ. ಮಾಂಸಕ್ಕೆ ಇಂಗ್ಲಿಷಿನಲ್ಲಿ ಮೀಟ್. ಮೀಟ್‌ನ ಅಪ್ಪನ ಹೆಸರು ಮಿಂಚಿ, ಅಂದರೆ ಕೊಚ್ಚಿದ ಮಾಂಸ. ಕನ್ನಡದಲ್ಲಿ ‘ಮಿಂಚಿ’ ಎಂದು ಬರೆದರೆ ಮಿಂಚು ನೆನಪಾಗುತ್ತದೆ, ಹಾಗಾಗಿ ‘ಮಿನ್ಚಿ’ ಎಂದು ಬಿಡಿಸಿ ಬರೆಯುವುದು ಲೇಸು.

ಮಾತಿನ ವಿಷಯ ಹೆಚ್ಚು ಮುಖ್ಯ. ಮೀಟ್ ಸುಗುರುವನ್ನು ಯಾವಾಗಲೂ ‘ಓಜಿ’ ಎನ್ನುತ್ತಾನೆ, ರಾಜಕುಮಾರ ಎಂದರ್ಥ. ಬೈಯುವಾಗಲೂ ವಿನಯದ ಕ್ರಿಯಾಪದಗಳನ್ನು ಬಿಡುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಬಹುವಚನ ಕೈಗೆ ಸಿದ್ಧವಾಗಿದೆ: ‘ಯುವರಾಜರೇ, ಪಂದ್ಯದ ದಿನ ಮೂರು ತಟ್ಟೆ ತಿನ್ನುತ್ತಾರೆಯೇ? ಏಳಿ!’ ಇಲ್ಲಿ ‘ಏಳೋ’ ಎಂದು ಬರೆದುಬಿಟ್ಟರೆ ಹಾಸ್ಯ ಒಡೆದುಹೋಗುತ್ತದೆ. ಗೌರವದ ನುಡಿ, ಒಳಗೆ ಛೀಮಾರಿ. ಇವೆರಡರ ತಿಕ್ಕಾಟದಿಂದಲೇ ನಗು. ಸುಗುರು ಪ್ರತಿಯಾಗಿ ಮುದುಕರ ಶೈಲಿಯಲ್ಲಿ ಒರಟಾಗಿ ಮಾತಾಡುತ್ತಾನೆ, ಅವನಿಗೆ ಹಳ್ಳಿಯ ಹಿರಿಯನ ಲಹರಿ ಕೊಡಿ, ಮೀಟ್‌ನನ್ನು ಅವನು ಏಕವಚನದಲ್ಲೇ ಕರೆಯಲಿ.

ಎಲ್ಲ ಅನುವಾದಕರೂ ಎಡವುವ ಒಂದು ಮಾತಿದೆ. ಸುಗುರು ಎದೆ ಸೆಟೆದು ‘ಹೆ ನೊ ತ್ಸುಪ್ಪಾರಿ ವಾ ಇರಾನ್ ದೆಸು ಯೊ’ ಎನ್ನುತ್ತಾನೆ. ಪದಶಃ: ಹೂಸಿಗೆ ಆಸರೆ ಬೇಕಿಲ್ಲ. ಸುತ್ತ ನಿಂತವರು, ಮಾತಿನ ಅರ್ಥ ತಿಳಿಯಲಿಲ್ಲ, ಆದರೆ ಎಂಥ ಆತ್ಮವಿಶ್ವಾಸ ಎಂದು ಬೆರಗಾಗುತ್ತಾರೆ. ಇದಕ್ಕೆ ಅರ್ಥವುಳ್ಳ ಗಾದೆ ಹುಡುಕಿ ಹಾಕಿದರೆ ಎರಡನೆಯ ಸಾಲು ನೆಲೆ ತಪ್ಪುತ್ತದೆ. ‘ಹೂಸಿಗೆ ಊರುಗೋಲು ಬೇಕಿಲ್ಲ!’ ಎಂದಿಡಿ. ಗಾದೆಯಂತೆ ಕೇಳುತ್ತದೆ, ಅರ್ಥ ಸಿಗುವುದಿಲ್ಲ, ‘ಹೂ-ಊ’ ನಾದವೂ ಕೂಡಿಬರುತ್ತದೆ.

ಪುಟ ಜೋಡಿಸುವಾಗ ಮಾಂಗಾ ಬಲದಿಂದ ಎಡಕ್ಕೆ ಸಾಗುತ್ತದೆ ಎಂದು ನೆನಪಿರಲಿ. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಬಲಗೈ ಪಟ್ಟು ಎಡಗೈ ಪಟ್ಟಾಗುತ್ತದೆ, ಹಣೆಯ ಅಕ್ಷರವೂ ಉಲ್ಟಾ. ತಿರುಗಿಸಬೇಡಿ. ಜಪಾನಿ ಮಾತಿನ ಗುಳ್ಳೆಗಳು ಮೇಲಿಂದ ಕೆಳಕ್ಕೆ ಉದ್ದ, ಕನ್ನಡದ ಪದಗಳು ಅಡ್ಡಕ್ಕೆ ಉದ್ದ. ‘ಸೋಲಿಸಿಬಿಡುತ್ತೇನೆ’ ಒಂದೇ ಗುಳ್ಳೆಯ ಅಗಲ ಮೀರುತ್ತದೆ. ಅಕ್ಷರ ಕುಗ್ಗಿಸುವ ಮೊದಲು ಮಾತು ಕತ್ತರಿಸಿ: ‘ಸೋಲಿಸ್ತೀನಿ’. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಬಿಡಿ.

ಪ್ರಶ್ನೆ: ಮೀಟ್‌ನಂಥ ಪುಟ್ಟ ಜೊತೆಗಾರನನ್ನು ನನ್ನ ಕಾಮಿಕ್ಸ್‌ನಲ್ಲಿ ಬರೆಯುತ್ತಿದ್ದೇನೆ. ಪೈಲ್ವಾನನ ಪಕ್ಕ ನಿಲ್ಲಿಸಿದರೆ ಇಬ್ಬರಲ್ಲಿ ಒಬ್ಬನ ತಲೆ ಚೌಕಟ್ಟಿನ ಹೊರಗೆ ಹೋಗುತ್ತದೆ. (ಉಡುಪಿ)

ಅಳತೆಯಿಂದ ಶುರುಮಾಡಿ. ಮಾಂಗಾ ಕಲಾವಿದರ ರೂಢಿಯ ಹಾಳೆ ಬಿ4, 257×364 ಮಿ.ಮೀ. ಕತ್ತರಿಸಿದ ಮೇಲೆ ಉಳಿಯುವ ಅಂಚು 220×310, ಒಳಚೌಕಟ್ಟು 180×270. ಮುಖ್ಯ ಮುಖ, ಮಾತು ಎಲ್ಲವೂ ಒಳಚೌಕಟ್ಟಿನಲ್ಲೇ ಇರಬೇಕು.

ಪೈಲ್ವಾನನನ್ನು ಏಳು ತಲೆ ಎತ್ತರಕ್ಕೆ, ಪುಟ್ಟವನನ್ನು ಎರಡೂವರೆಯಿಂದ ಮೂರು ತಲೆಗೆ ಬರೆಯಿರಿ. ಎಲ್ಲರೂ ಮಾಡುವ ತಪ್ಪು ದೊಡ್ಡವನ ದೇಹವನ್ನೇ ಕುಗ್ಗಿಸಿ ಪುಟ್ಟವನನ್ನು ಮಾಡುವುದು. ಆಗ ಅವನು ದೂರದಲ್ಲಿ ನಿಂತ ಪೈಲ್ವಾನನಂತೆ ಕಾಣುತ್ತಾನೆ. ತಲೆ ಹೆಚ್ಚುಕಡಿಮೆ ಅದೇ ಗಾತ್ರದ್ದಿರಲಿ, ಕತ್ತು ಇಲ್ಲವೇ ಇಲ್ಲ ಎಂಬಂತಿರಲಿ, ಅಂಗೈ ಅಂಗಾಲು ದಪ್ಪಗಿರಲಿ, ಕಣ್ಣು ಮುಖದ ಅರ್ಧಗೆರೆಗಿಂತ ಕೆಳಗಿರಲಿ.

ನಿಮ್ಮ ತೊಂದರೆಗೆ ಪರಿಹಾರ ರಿಂಗಿನಲ್ಲೇ ಇದೆ. ರಿಂಗಿನ ಹಾಸು ನೆಲದಿಂದ ಸುಮಾರು 1 ಮೀಟರ್ ಎತ್ತರ. ಪುಟ್ಟವನನ್ನು ರಿಂಗಿನ ಮೆಟ್ಟಿಲ ಮೇಲೆ ನಿಲ್ಲಿಸಿದರೆ ಅವನ ಗದ್ದ ಹಾಸಿನ ಅಂಚಿಗೆ ಬರುತ್ತದೆ. ಪೈಲ್ವಾನ ನೆಲಕ್ಕುರುಳಿದ ಕ್ಷಣ ಇಬ್ಬರ ಮುಖವೂ ಒಂದೇ ಮಟ್ಟ! ಮುಖ್ಯ ಮಾತುಕತೆ ಅಲ್ಲಿ ಇಡಿ. ಪೈಲ್ವಾನ ನಿಂತಿರುವಾಗ ಪುಟ್ಟವನನ್ನು ಅಂಚು ಹತ್ತಿಸಿ, ಕೆಳಗಿನ ಹಗ್ಗ ಹಿಡಿಸಿ, ಅವನ ಬೆನ್ನ ಹಿಂದಿನಿಂದ ಮೇಲಕ್ಕೆ ನೋಡುವ ಕೋನ ತೆಗೆದುಕೊಳ್ಳಿ. ದೊಡ್ಡ ಪಟ್ಟಿನ ಚಿತ್ರದಲ್ಲಿ ಅವನನ್ನು ತುರುಕಲೇಬೇಡಿ. ಪಟ್ಟಿಗೆ ಅರ್ಧ ಪುಟ ಬಿಟ್ಟು, ಕೆಳಗೆ ಕಿರಿದಾದ ಅಡ್ಡ ಚೌಕದಲ್ಲಿ ಬಾಯಿ ತೆರೆದ ಅವನ ಮುಖ ಮಾತ್ರ ಕೊಡಿ. ಗೆರೆಯ ದಪ್ಪವೂ ಬೇರೆ ಇರಲಿ: ಸ್ನಾಯುವಿಗೆ ಒತ್ತಿದರೆ ಅಗಲವಾಗುವ ಜಿ-ಪೆನ್, ಪುಟ್ಟವನಿಗೆ ಒಂದೇ ಸಮ ಗೆರೆ. ಸ್ನಾಯುವಿನ ಅಡ್ಡಗೆರೆಗಳನ್ನು ಅವನ ಮೈಗೂ ಎಳೆದರೆ ಮುದುಕನಾಗಿಬಿಡುತ್ತಾನೆ.

ಪ್ರಶ್ನೆ: ಜಪಾನಿನಿಂದ ಬಂದ ಹಳೆಯ ಕಿನ್ನಿಕುಮನ್ ರಬ್ಬರ್ ಬೊಂಬೆಗಳು ಡಬ್ಬಿಗೆ ಅಂಟಿಕೊಂಡು ಜಿಗುಟಾಗಿವೆ. ಏನು ಮಾಡಲಿ? ಅಳಿಸುವ ರಬ್ಬರ್ ಅಂತಾರೆ, ಅಳಿಸುವುದೇ ಇಲ್ಲ. (ಬೆಂಗಳೂರು)

ಅವು ‘ಕಿನ್‌ಕೇಶಿ’. ಹೆಸರಿನಲ್ಲಿ ರಬ್ಬರ್ ಇದ್ದರೂ ವಸ್ತು ಮೆತ್ತನೆಯ ವಿನೈಲ್ ಜಾತಿಯದು, ಪೆನ್ಸಿಲ್ ಉಜ್ಜಿದರೆ ಕಾಗದವೇ ಮಸಿ. ಬಾಂದಾಯ್ ಕಂಪನಿ 1983ರಿಂದ ನಾಣ್ಯ ಹಾಕಿ ತಿರುಗಿಸುವ ಯಂತ್ರಗಳಲ್ಲಿ ಮಾರಿತು. ಮೊದಲ ಓಟದಲ್ಲಿ ಒಟ್ಟು 418 ಬಗೆ. 1985ರಲ್ಲಿ ಅಮೆರಿಕದ ಮ್ಯಾಟೆಲ್ ಇವನ್ನೇ ‘ಮಸಲ್’ ಎಂಬ ಹೆಸರಲ್ಲಿ ಮೈಬಣ್ಣದ ಗುಲಾಬಿಯಲ್ಲಿ ತಂದಿತು. 4, 10 ಮತ್ತು 28ರ ಕಟ್ಟುಗಳಿದ್ದವು.

ಜಿಗುಟಿಗೆ ಕಾರಣ ಮೆದುಗೊಳಿಸುವ ಎಣ್ಣೆಯಂಥ ದ್ರವ. ವರ್ಷ ಕಳೆದಂತೆ ಅದು ಮೇಲ್ಮೈಗೆ ಒಸರುತ್ತದೆ. ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಮತ್ತು ಥರ್ಮೋಕೋಲ್ ಎರಡೂ ಬಹುಮಟ್ಟಿಗೆ ಪಾಲಿಸ್ಟೈರೀನ್. ಆ ದ್ರವ ಇವನ್ನು ಕರಗಿಸುತ್ತದೆ, ಅದಕ್ಕೇ ಬೊಂಬೆ ಅಂಟಿಕೊಳ್ಳುವುದು. ಬೆರಳಿನಿಂದ ನಿಧಾನ ಬಿಡಿಸಿ, ಚಾಕು ಬೇಡ. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಐದಾರು ಹನಿ ಹಾಕಿ ಹತ್ತು ನಿಮಿಷ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೊಳೆದು, ನೆರಳಿನಲ್ಲಿ ಒಣಗಿಸಿ. ಜಿಗುಟು ಉಳಿದರೆ ಮತ್ತೊಮ್ಮೆ. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ತಾಗಿಸಿದರೆ ಮುಖವೇ ಕರಗುತ್ತದೆ. ಕೈ ಬಾಗಿದ್ದರೆ 60-70 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ ಹಿಡಿದು, ತಣ್ಣೀರಿಗೆ ಹಾಕಿ. ಕುದಿಯುವ ನೀರು ಬೇಡ.

ಇಡುವುದು ಪಾಲಿಥಿನ್ ಜಿಪ್ ಚೀಲದಲ್ಲಿ, ಒಂದರ ಮೈಗೆ ಒಂದು ತಾಗದಂತೆ. ನಡುವೆ ಬಿಳಿ ಕಾಗದ ಇರಲಿ. ದಿನಪತ್ರಿಕೆ ಸುತ್ತಿದರೆ ಮಸಿ ಬೊಂಬೆಯೊಳಗೆ ಇಳಿಯುತ್ತದೆ, ಆಮೇಲೆ ಏನು ಮಾಡಿದರೂ ಹೋಗದು. ಬೇರೆ ಬೇರೆ ಬಣ್ಣದವನ್ನು ಒಟ್ಟಿಗೆ ಇಟ್ಟರೂ ಇದೇ ಪಾಡು. ಬಿಸಿಲು ಬೀಳುವ ಷೋಕೇಸಿನಲ್ಲಿಟ್ಟರೆ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ.

ಪ್ರಶ್ನೆ: ಮೀಟ್ ಬಿಟ್ಟರೆ ನಗಿಸುವವರು ಯಾರು? ಅವನು ಮುಂದಿನ ಪೀಳಿಗೆಯ ಕತೆಯಲ್ಲೂ ಇದ್ದಾನೆಯೇ? (ಮಂಗಳೂರು)

ಏಡಿ ಕೈಗಳ ಕಾನಿಬೇಸು ಎಂಬವನು ಚೋಜಿನ್ ಒಲಿಂಪಿಕ್ಸ್‌ನ ಆಯ್ಕೆ ಸುತ್ತಿನಲ್ಲೇ ಹೊರಬೀಳುತ್ತಾನೆ. ಆ ಸುತ್ತು ಕಲ್ಲು-ಕಾಗದ-ಕತ್ತರಿ; ಅವನ ಕೈಗೆ ಕತ್ತರಿ ಬಿಟ್ಟು ಬೇರೆ ಬರುವುದೇ ಇಲ್ಲ. ಶುರುವಿನ ಖಳ ಕಿಂಕೋತ್ಸುಮನ್, ಅವನ ಜೊತೆಗಾರ ಇವಾವೊ, ಹುರುಳಿಕಾಳಿನಂಥ ಬೀನ್ಸ್‌ಮನ್, ಇವರೆಲ್ಲ ಒಂದೆರಡು ಪುಟದ ನಗುವಿನವರು. ನಕಾನೊ ಎಂಬ ಮನುಷ್ಯ ಪಾತ್ರ ಪತ್ರಿಕೆಯ ನಿಜವಾದ ಸಂಪಾದಕರ ಮುಖವನ್ನೇ ಹೊತ್ತಿದೆ.

ಮುಂದಿನ ಪೀಳಿಗೆಯ ಕತೆ 1998ರಲ್ಲಿ ಶುರುವಾಯಿತು, 2002ರಲ್ಲಿ ಆನಿಮೆಯಾಯಿತು. ಅದರಲ್ಲಿ ಮೀಟ್ ದೀರ್ಘ ನಿದ್ದೆಯಿಂದ ಎಬ್ಬಿಸಲ್ಪಟ್ಟು ಸುಗುರುವಿನ ಮಗ ಮಂತಾರೋಗೆ ತಾಲೀಮು ಕೊಡುತ್ತಾನೆ. ವಯಸ್ಸು ಏರಿಲ್ಲ, ಅದೇ ಗಾತ್ರ. ಮಗನೂ ಅಪ್ಪನಷ್ಟೇ ಸೋಮಾರಿ, ಪುಕ್ಕಲ. ಅದೇ ಬಹುವಚನದಲ್ಲಿ ಬೈಗುಳ ಮತ್ತೆ ಮೊದಲಿನಿಂದ ಶುರುವಾಗುತ್ತದೆ.